ಉತ್ತರದ ಗೋಡೆಯ ಕಾವಲು

ಶ್ರಾವಣ ಬಹುಳ ಷಷ್ಠಿ, ಸಂಜೆ

ಇವತ್ತು ಹನ್ನೊಂದು ಜನ. ಏಳು ಜನಕ್ಕೆ ಕೆಮ್ಮು, ಮೂವರಿಗೆ ಭೇದಿ, ಒಬ್ಬನಿಗೆ ಬರೀ ಕಾವಲು ತಪ್ಪಿಸಿಕೊಳ್ಳುವ ಆಸೆ. ಅವನಿಗೂ ಕಷಾಯ ಕುಡಿಸಿದೆ, ಎಲ್ಲರದ್ದಕ್ಕಿಂತ ಕಹಿಯಾದದ್ದು. ಮಳೆ ಬಿಟ್ಟಿಲ್ಲ. ಒಣಶುಂಠಿಗೂ ಬೂಷ್ಟು.

ಮಧ್ಯಾಹ್ನ ಅಳಿಯ ಜಸರಾಮ ಬಂದ. ಹೊಳೆಯಾಚೆಯ ಮಗರ ಬುಡಕಟ್ಟಿನವನು. ಆ ದಂಡೆ ಚೈತ್ರದಲ್ಲೇ ಗೋರ್ಖಾ ರಾಜನ ಪಾಲಾಯಿತು. ನಮ್ಮ ಕಾಫಲ್‌ಕೋಟೆ ಇನ್ನೂ ಅವನ ವೈರಿ ಕಾಂತಿಪುರದ ರಾಜನದ್ದು. ಗಂಡನ ಮನೆ ಒಂದು ರಾಜ್ಯ, ತವರು ಇನ್ನೊಂದು ರಾಜ್ಯ ಎಂದು ಹೀರಾಮಯಿ ನಗುತ್ತಾಳೆ. ಹೆರಿಗೆಗೆ ನನ್ನಲ್ಲಿಗೆ ಬಂದಿದ್ದಾಳೆ. ಇನ್ನೇನು ದಿನ ತುಂಬುತ್ತವೆ. ಅವಳನ್ನು ನೋಡಲು ಬರುವ ಅಳಿಯನನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಅವನು ತರುವ ಜೇನಿನಲ್ಲಿ ಕಾವಲಿನವರಿಗೂ ಪಾಲಿದೆ.

ಮೈಯೆಲ್ಲ ಜಿಗಣೆ ಕಚ್ಚಿದ ಗಾಯ. ಸುಣ್ಣ, ಹೊಗೆಸೊಪ್ಪು ಹಚ್ಚಿದೆ. ಕಾವಲಿನ ಜೀತುಮಾನ ಇಲ್ಲೇ ಕುಳಿತಿದ್ದ. ಕಾಂತಿಪುರದಲ್ಲಿ ನಮ್ಮ ಪಕ್ಕದ ಬೀದಿಯವನು, ಇಲ್ಲಿ ಹನ್ನೆರಡು ವರ್ಷದ ಗೆಳೆಯ.

"ಅಳಿಯಂದ್ರೇ, ಹೆಂಡ್ತಿಗಿಂತ ಜಿಗಣೆಗೇ ನಿಮ್ಮ ಮೇಲೆ ಪ್ರೀತಿ ಜಾಸ್ತಿ ಆದಂಗಿದೆ."

"ಜೇನು ಹುಡುಕ್ಕೊಂಡು ಹೋಗಿದ್ದೆ ಕಾಕಾ."

ಮಳೆಗಾಲದಲ್ಲಿ ಎಲ್ಲಿಯ ಜೇನು?

ಸಪ್ತಮಿ, ಬೆಳಿಗ್ಗೆ

ನಡೆಯುವವನಿಗೆ ಜಿಗಣೆ ಕಚ್ಚುವುದು ಹಿಮ್ಮಡಿಗೆ, ಮೀನಖಂಡಕ್ಕೆ. ಜಸರಾಮನ ಗಾಯ ಮೊಣಕೈಯಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ. ತೆವಳಿದವನ ಗಾಯ ಅದು.

ಒದ್ದೆ ಸೊಂಟಪಟ್ಟಿಯನ್ನು ಒಣಗಲು ಬಿಟ್ಟುಹೋಗಿದ್ದ. ಕೊಡವಿದರೆ ಪಾಷಾಣಭೇದದ ಎಲೆಯ ಚೂರು ಬಿತ್ತು. ಆ ಗಿಡ ಈ ಬೆಟ್ಟದಲ್ಲಿ ಬೆಳೆಯುವುದು ಒಂದೇ ಕಡೆ, ಉತ್ತರದ ಬಂಡೆಯ ಬಿರುಕಿನಲ್ಲಿ. ನಾನೇ ಸೊಂಟಕ್ಕೆ ಹಗ್ಗ ಬಿಗಿದು ಮೇಲಿನಿಂದ ಇಳಿದು ತರುತ್ತೇನೆ. ಇವನು ಕೆಳಗಿನಿಂದ ಹತ್ತಿದ್ದಾನೆ.

ಗೋರ್ಖಾ ದಂಡಿಗೆ ದಾರಿ ಹುಡುಕುವುದಲ್ಲದೆ ಬೇರೆ ಅರ್ಥ ಇದ್ದರೂ ಇರಬಹುದು... ಏನು ಬೇರೆ ಅರ್ಥ?

ಸಪ್ತಮಿ, ಮಧ್ಯಾಹ್ನ

ಹೀರಾಮಯಿ ಅವಲಕ್ಕಿ ತಂದಿಟ್ಟು ಪಕ್ಕದಲ್ಲೇ ಕುಳಿತಳು.

"ಅಪ್ಪಾ, ಅವರು ಅಮಾವಾಸ್ಯೆಗೆ ಮುಂಚೆ ನಮ್ಮನೆಗೆ ಬಂದ್ಬಿಡು ಅಂತಿದಾರೆ. ಈ ಮಳೇಲಿ, ಈ ಹೊಟ್ಟೆ ಹೊತ್ಕೊಂಡು. ಹೆರಿಗೆಗೆ ಇಲ್ಲಿಗೆ ಕಳಿಸಿದ್ದೂ ಅವರೇ. ಯಾಕಂತೆ?"

"ಅತ್ತೆ ಹತ್ರ ಇರ್ಲಿ ಅಂತೇನೋ."

"ಅವರಮ್ಮಂಗೆ ಕಣ್ಣೇ ಕಾಣ್ಸಲ್ಲ."

ಅವಲಕ್ಕಿಯ ತಟ್ಟೆಯನ್ನು ಅವಳತ್ತಲೇ ಸರಿಸಿ ಎದ್ದೆ.

ನವಮಿ

ಎರಡು ದಿನ ಗೋಡೆಯ ಮೇಲೆ ಸುಮ್ಮನೆ ಅಡ್ಡಾಡಿದೆ. ಪೂರ್ವದ ಬಾಗಿಲಿಗೆ ಮೂವತ್ತು ಜನ, ದಕ್ಷಿಣಕ್ಕೆ ಹದಿನೈದು. ಉತ್ತರದಲ್ಲಿ ಯಾರೂ ಇಲ್ಲ. ಒಂದು ನಾಯಿ ಮಲಗಿತ್ತು.

ಹೆಸರು ಹೇಳಿದರೆ ಜಸರಾಮನ ತಲೆ ಹೋಗುತ್ತದೆ. ಮಗಳನ್ನೂ ಗೋರ್ಖಾದವರ ಕಡೆಯವಳೆಂದು ಕೂಡಿಹಾಕುತ್ತಾರೆ. ಹೇಳದಿದ್ದರೆ ಇಲ್ಲಿರುವ ಇನ್ನೂರು ಜನ. ಅವರಲ್ಲಿ ನನ್ನ ಔಷಧಿ ಕುಡಿಯದವನು ಒಬ್ಬನಿಲ್ಲ.

ಅರ್ಧ ಹೇಳುವುದೆಂದು ನಿರ್ಧರಿಸಿ ಕಿಲ್ಲೇದಾರ ರಣಧ್ವಜನ ಬಳಿಗೆ ಹೋದೆ. ಅವನ ಕಾಲಿನ ಆಣಿಗೆ ಎಣ್ಣೆ ಹಚ್ಚುತ್ತ ಮಾತು ತೆಗೆದೆ.

"ಉತ್ತರದ ಕಡೆ ಕಾವಲು ಹಾಕಿದ್ರೆ ಒಳ್ಳೇದಿತ್ತು."

"ಮೇಕೆ ಹತ್ತದ ಬಂಡೆ ಅದು."

"ಮನುಷ್ಯ ಮೇಕೆಗಿಂತ ಹಟಮಾರಿ."

"ದಸರೆ ಮುಗೀದೆ ಯಾವ ರಾಜ ದಂಡು ಹೊರಡಿಸ್ತಾನೆ ವೈದ್ಯರೇ? ನೀವು ನಾಡಿ ನೋಡಿ. ಕೋಟೆ ನಾವು ನೋಡ್ತೀವಿ. ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಆಗ ಬಾಯಿ ಬಿಡಬೇಕಿತ್ತು. "ಇಲ್ಲ, ಕೆಟ್ಟ ಕನಸು ಬಿತ್ತು" ಎಂದೆ. ಸುತ್ತಲಿದ್ದವರೆಲ್ಲ ನಕ್ಕರು. ಕಿಲ್ಲೇದಾರನೂ ನಕ್ಕ. ನಕ್ಕು ನಕ್ಕು ಕೊನೆಗೆ, "ಆಯ್ತು, ನಿಮ್ಮ ಕನಸು ಕಾಯೋಕೆ ಒಬ್ಬನ್ನ ಕಳಿಸ್ತೀನಿ. ನಿಮ್ಮ ದೋಸ್ತ ಜೀತುಮಾನನ್ನೇ" ಎಂದ.

ದಶಮಿ

ಜೀತು ಬಂದು ಬಾಗಿಲಲ್ಲೇ ನಿಂತು ಬೈದ.

"ನಿಮ್ಮ ಕನಸಿಗೆ ಬೆಂಕಿ ಬೀಳ. ಬಾಗಿಲ ಹತ್ರ ಬೆಚ್ಚಗೆ ಒಲೆ ಇತ್ತು. ಅಲ್ಲಿ ನಾನು, ಆ ನಾಯಿ, ಗಾಳಿ. ಅಷ್ಟೇ."

ಕಂಬಳಿ ಕೊಟ್ಟೆ. ಒಂದು ಕುಡಿಕೆ ಸಾರಾಯಿಯನ್ನೂ ಕೊಟ್ಟೆ. "ಹುಷಾರು" ಎಂದೆ. ಯಾರ ಬಗ್ಗೆ ಹುಷಾರೆಂದು ಹೇಳಲಿಲ್ಲ.

ತ್ರಯೋದಶಿ

ಹೊಳೆಯಾಚೆಯಿಂದ ಇಬ್ಬರು ಡೋಲಿ ಹೊತ್ತು ಬಂದರು, ಹೀರಾಮಯಿಯನ್ನು ಕರೆದೊಯ್ಯಲು. ಜಸರಾಮ ತಾನು ಬರಲಿಲ್ಲ. ಹೋಗು ಎಂದೆ. ಕಂಬ ಹಿಡಿದು ನಿಂತಳು.

"ಕಾರಣ ಹೇಳಿ, ಹೋಗ್ತೀನಿ."

"ಗಂಡ ಕರೀತಿದಾನಲ್ಲ, ಇನ್ನೇನು ಕಾರಣ?"

"ನಿಮ್ಮಿಬ್ರದೂ ಮುಖ ಒಂದೇ ಥರ ಆಗಿದೆ ಅಪ್ಪಾ. ಇಬ್ರೂ ಏನೋ ಮುಚ್ಚಿಡ್ತಿದೀರ. ಹೇಳೋವರೆಗೂ ನಾನು ಕದಲಲ್ಲ."

ಡೋಲಿ ಬರಿದಾಗಿ ಇಳಿದುಹೋಯಿತು. ಮಂಜಿನಲ್ಲಿ ಮರೆಯಾಗುವ ತನಕ ನೋಡಿದೆ. ಇನ್ನು ನನ್ನ ಮಗಳೂ ಆ ಇನ್ನೂರು ಜನರ ಲೆಕ್ಕಕ್ಕೆ ಸೇರಿದಳು.

ಅಮಾವಾಸ್ಯೆ

ಏನೂ ಆಗಲಿಲ್ಲ. ನಾನೇ ಹುಚ್ಚನೇನೋ. ಹುಚ್ಚನಾಗಿದ್ದರೆ ಎಷ್ಟು ಚೆನ್ನ.

ಭಾದ್ರಪದ ಶುದ್ಧ ಷಷ್ಠಿ

ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ಕೈತುಂಬ ಗಾಯದವರು.

ಬಿದಿಗೆಯ ಬೆಳಿಗ್ಗೆ. ಹೊತ್ತು ಹುಟ್ಟಿ ಒಂದು ಗಳಿಗೆ ಆಗಿರಬಹುದು, ಆದರೆ ಮಂಜು ಎಷ್ಟಿತ್ತೆಂದರೆ ಅಂಗಳದ ತುಳಸಿಯೂ ಕಾಣುತ್ತಿರಲಿಲ್ಲ. ಸಿಪಾಯಿಗಳು ತಿಂಡಿಗೆ ಕುಳಿತಿದ್ದರು. ಹೊರಗಿನಿಂದ ಒಂದು ಕೂಗೂ ಇಲ್ಲ. ಮೊದಲು ಕೇಳಿದ್ದು ನಗಾರಿ. ಅದೂ ಕೋಟೆಯ ಒಳಗಿನಿಂದಲೇ. ನಮ್ಮ ನಗಾರಿಯ ಹೊಡೆತ ಅಲ್ಲ. ಆಮೇಲೆ ಎಲ್ಲ ಕಡೆ ಓಡುವ ಬರಿಗಾಲುಗಳು. ಮಳೆಗೆ ನೆನೆದ ನಮ್ಮ ಬಂದೂಕು ಒಂದೂ ಹೊತ್ತಲಿಲ್ಲ. ಗೋರ್ಖಾದವರ ಕೈಯಲ್ಲಿ ಬಾಗಿದ ಖುಕುರಿ ಕತ್ತಿ ಮಾತ್ರ. ಹೀರಾಮಯಿಯನ್ನು ಔಷಧಿಯ ಪೆಟ್ಟಿಗೆಗಳ ಹಿಂದೆ ಕೂರಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು. ರಣಧ್ವಜ ಪೂರ್ವದ ಬಾಗಿಲ ಬಳಿ ಸತ್ತ. ಬೆನ್ನು ತೋರಿಸಲಿಲ್ಲವಂತೆ. ಎಪ್ಪತ್ತು ಜನ ಹೋದರು. ಉಳಿದವರು ಆಯುಧ ಕೆಳಗಿಟ್ಟರು.

ಬಾಗಿಲು ಬಡಿದ ಸದ್ದು. "ಮಾವ, ತೆಗೀರಿ. ನಾನು."

ಬೆನ್ನ ಮೇಲೆ ಜೀತುಮಾನ. ಎಡಭುಜದಿಂದ ಎದೆಯವರೆಗೆ ಸೀಳಿತ್ತು. ಎಲುಬು ಕಾಣುತ್ತಿತ್ತು.

"ಹ್ಯಾಗಾದ್ರೂ ಉಳಿಸಿ ಮಾವ" ಎಂದ ಜಸರಾಮ. ಅವನ ಅಂಗಿಯೆಲ್ಲ ನನ್ನ ಗೆಳೆಯನ ರಕ್ತ. ಹೊಲಿದೆ. ಮೂವತ್ತೊಂದು ಹೊಲಿಗೆ.

ಅದೇ ಷಷ್ಠಿ, ಸಂಜೆ

ಗೋರ್ಖಾದ ಸುಬೇದಾರ ಬಂದಿದ್ದ. ನಮ್ಮವರು, ಅವರ ಕಡೆಯವರು ಎನ್ನದೆ ಗಾಯಾಳುಗಳನ್ನು ನೋಡುತ್ತಿದ್ದೇನೆಂದು ಹೊಗಳಿದ. ಇಲ್ಲೇ ಇರಿ, ಜಮೀನು ಬರೆಸಿಕೊಡುತ್ತೇವೆ ಎಂದ. ಹೋಗುವಾಗ ಜೀತುವಿನತ್ತ ನೋಡಿ ಕೇಳಿದ:

"ಉತ್ತರಕ್ಕೆ ಕಾವಲಿಲ್ಲ ಅಂತ ನಮಗೆ ಖಚಿತ ಸುದ್ದಿ ಇತ್ತು. ಇವನನ್ನ ಅಲ್ಲಿ ಹಾಕಿದ್ದು ಯಾರು?"

"ಕಿಲ್ಲೇದಾರ" ಎಂದೆ. ಸತ್ತವನ ತಲೆಗೆ ಕಟ್ಟುವುದು ಎಷ್ಟು ಸುಲಭ.

ಅವನು ಹೋದ ಮೇಲೆ ಜಸರಾಮ ಹೊಸ್ತಿಲ ಮೇಲೆ ಕುಳಿತು, ಕೇಳದಿದ್ದರೂ ಹೇಳಿದ.

"ದಾರಿ ಹುಡುಕ್ತೀಯೋ, ನಿನ್ನ ಊರು ಸುಡ್ಬೇಕೋ ಅಂದ್ರು ಗೋರ್ಖಾದವ್ರು, ಮಾವ. ಮೂರು ಸಲ ಹತ್ತಿ ನೋಡ್ದೆ. ಅವತ್ತು ಎಲ್ಲರಿಗಿಂತ ಮುಂದೆ ನಾನೇ. ಗೋಡೆ ಅಂಚಿಗೆ ಕೈ ಹಾಕ್ದೆ, ಜಾರ್ತು. ಜೀತು ಕಾಕಾ ಬಗ್ಗಿ ನೋಡಿದ್ರು. ಗುರುತು ಹಿಡಿದ್ರು. 'ಅಯ್ಯೋ, ಅಳಿಯಂದ್ರೇ, ಬಾಗಿಲು ಆ ಕಡೆ ಅಲ್ವಾ' ಅಂತ ಕೈ ಕೊಟ್ಟು ಮೇಲೆಳೆದ್ಕೊಂಡ್ರು."

"ಆಮೇಲೆ?"

"ನನ್ನ ಹಿಂದೆ ಬಂದವನು ಕಡಿದ. ನಾನು ಕಡೀಲಿಲ್ಲ. ತಡೀಲೂ ಇಲ್ಲ."

ಒಲೆಯ ಬಳಿ ಹೀರಾಮಯಿ. ಪಾತ್ರೆ ಕೆಳಗಿಟ್ಟಳು.

"ಮಾವಂಗೆ ಅರ್ಥ ಆಗಿದೆ, ಹೇಗಾದ್ರೂ ನಿನ್ನ ಕಳಿಸ್ತಾರೆ ಅಂದ್ಕೊಂಡಿದ್ದೆ" ಎಂದ ಅವಳಿಗೆ.

ಅವಳು ನನ್ನತ್ತ ತಿರುಗಿದಳು. "ನಿಮಗೆ ಗೊತ್ತಿತ್ತಾ?"

ತಲೆ ಆಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

ನವಮಿ

ಹೆಣ್ಣು ಮಗು. ತಾಯಿ ಮಗು ಕ್ಷೇಮ. ಗಂಡ ಬಂದರೆ ಗೋಡೆಯ ಕಡೆ ಹೊರಳುತ್ತಾಳೆ, ನಾನು ಹೋದರೆ ಕಣ್ಣು ಮುಚ್ಚುತ್ತಾಳೆ.

ಜೀತುವಿಗೆ ಜ್ವರ ಏರಿದೆ. ಗಾಯ ನಾರುತ್ತಿದೆ. ಎಚ್ಚರ ಬಂದಾಗ ನನ್ನ ಕೈ ಹಿಡಿದು ಅಂದ: "ಕಿಲ್ಲೇದಾರ ನಕ್ಕ, ನಾನೂ ಬೈದೆ. ನಿಮ್ಮ ಕನಸು ನಿಜ ಆಯ್ತು ವೈದ್ಯರೇ. ಎಂಥ ಪುಣ್ಯಾತ್ಮರು ನೀವು."

ಎದ್ದು ಹೊರಗೆ ಬಂದೆ. ಮಳೆಯಲ್ಲೇ ನಿಂತಿದ್ದೆ.

ದಶಮಿ, ಬೆಳಿಗ್ಗೆ

ಹೇಳಿಬಿಟ್ಟೆ. ಗಾಯ ತೊಳೆಯುತ್ತ ಹೇಳಿದೆ, ಅವನ ಕಣ್ಣು ನೋಡದೆ. ಜಿಗಣೆಯ ಗಾಯ, ಎಲೆಯ ಚೂರು, ಡೋಲಿ. ಕನಸು ಬೀಳಲೇ ಇಲ್ಲವೆಂದು. ಎಲ್ಲ.

ತೊಳೆದಾದ ಮೇಲೆ ಮುಲಾಮಿನ ಬಟ್ಟಲು ತೆಗೆದುಕೊಂಡೆ.

"ಅಳಿಯನ ಹೆಸರೊಂದು ನನ್ನ ಕಿವೀಲಿ ಹೇಳಿದ್ರೆ ಸಾಕಿತ್ತು" ಎಂದ. "ಕಿಲ್ಲೇದಾರಂಗೆ ಬೇಡ. ನನಗೆ. ನಾನು ಕೈ ಕೊಡ್ತಿರ್ಲಿಲ್ಲ."

ಮುಲಾಮಿನ ಬಟ್ಟಲನ್ನು ನನ್ನ ಕೈಯಿಂದ ದೂರ ತಳ್ಳಿದ.

ದ್ವಾದಶಿ

ಎರಡು ದಿನದಿಂದ ನನ್ನನ್ನು ಹತ್ತಿರ ಬಿಟ್ಟಿಲ್ಲ. ಹೀರಾಮಯಿ ಬಾಣಂತಿತನದಲ್ಲೇ ಎದ್ದು ಅವನಿಗೆ ಮದ್ದು ಹಾಕುತ್ತಾಳೆ. ನಾನು ಪಡಸಾಲೆಯಲ್ಲಿ ಅರೆದು ಕೊಡುತ್ತೇನೆ, ಅವಳು ಮಾತಿಲ್ಲದೆ ಒಯ್ಯುತ್ತಾಳೆ. ಎಷ್ಟು ಹಚ್ಚಬೇಕು, ಹೇಗೆ ಕಟ್ಟಬೇಕು ಎಂದು ಗೋಡೆಗೆ ಹೇಳುವಂತೆ ಹೇಳುತ್ತೇನೆ. ಗೋಡೆಯಾಚೆ ಅವಳು ಹಾಗೆಯೇ ಮಾಡುತ್ತಾಳೆ.

ಜಸರಾಮ ದಂಡಿನೊಂದಿಗೆ ಹೊರಟ. ಮುಂದಿನ ಬೆಟ್ಟಕ್ಕೆ. ಅಂಗಳದಲ್ಲಿ ನಿಂತು ಮಗುವನ್ನು ಒಂದು ಸಲ ತೋರಿಸು ಎಂದ. ಹೀರಾಮಯಿ ಹೊರಗೆ ಬಂದು ತೋರಿಸಿದಳು. ಹಾಗೆಯೇ ಒಳಗೆ ಹೋದಳು.

ಚತುರ್ದಶಿ, ಮಧ್ಯಾಹ್ನ

ಮಳೆ ನಿಂತಿದೆ. ಜೀತುವಿನ ಜ್ವರ ಇಳಿದಿದೆಯಂತೆ. ಗಾಯದ ಬಾಯಿ ಕೆಂಪಾಗಿದೆ, ವಾಸನೆ ಇಲ್ಲ ಎಂದು ಹೀರಾಮಯಿ ನನ್ನ ಮುಖ ನೋಡಿ ಹೇಳಿದಳು. ಇಷ್ಟು ದಿನದಲ್ಲಿ ಮೊದಲ ಸಲ. ಉಳಿಯುತ್ತಾನೆ. ಎಡಗೈ ಮೇಲೇಳಲಾರದು, ಆದರೆ ಉಳಿಯುತ್ತಾನೆ.

ಸುಬೇದಾರನಿಗೆ ಉತ್ತರ ಕೊಡಬೇಕು. ಜಮೀನು ಬೇಡ, ಜೀತುವಿಗೆ ನಡೆಯುವ ಶಕ್ತಿ ಬಂದ ಮೇಲೆ ನಮ್ಮಿಬ್ಬರನ್ನೂ ಕಾಂತಿಪುರಕ್ಕೆ ಬಿಡಿ ಎಂದು ಕೇಳುವ ಯೋಚನೆ. ಆದರೆ ಇವನು ನನ್ನ ಜೊತೆ ಬರುತ್ತಾನೆಯೇ, ಅದೇ

ಒಳಗಿನಿಂದ ಕೂಗು. "ವೈದ್ಯರೇ." ಅವನದೇ ದನಿ. ಬೈಯಲಿಕ್ಕೋ, ನೀರಿಗೋ ಗೊತ್ತಿಲ್ಲ. ಮತ್ತೆ ಕರೆದ. ಬಂದೆ ಜೀತು, ಬಂ