ಮೆಲ್ಲ ಮಾರಾಯ

ಪ್ರೀತಿಯ ಪಪ್ಪಾ,

ನೀವು ಹಾರ ಹಾಕಿದ ಫೋಟೋದಿಂದಲೇ ನೋಡಿದ ಮದುವೆಯಾಗಿ ಇಪ್ಪತ್ತೆರಡು ದಿನ! ಜೆಪ್ಪುವಿನ ಈ ಗಂಡನ ಮನೆಯಲ್ಲಿ ನನಗೆ ನಗು ನಿಲ್ಲುವುದೇ ಇಲ್ಲ. ಹಿತೇಶ್ ಚಹಾ ಮಾಡಿದರೂ ನಗು, ಚಹಾ ಉಕ್ಕಿದರೂ ನಗು. ಆದರೆ ಇವತ್ತು ಮಧ್ಯಾಹ್ನ ನಡೆದದ್ದನ್ನು ನಿಮಗೇ ಹೇಳಬೇಕು.

ಟಿವಿಯಲ್ಲಿ ನಿಮ್ಮ ಕಥೆಯ ಆ ಜಪಾನಿ ಗಾಲ್ಫ್ ಆಟಗಾರ ಓನುಮಾ ಬಂದಿದ್ದರು! ಹತ್ತೊಂಬತ್ತು ವರ್ಷ ಆಡಿ, ಆರು ಸಲ ಎರಡನೆಯವರಾಗಿ, ನಲವತ್ತೊಂದನೇ ವಯಸ್ಸಿನಲ್ಲಿ ಮೊದಲ ಕಪ್ ಗೆದ್ದವರು ಇವತ್ತು ನಿವೃತ್ತರಾದರು. ಚೆಂಡನ್ನು ಕುಳಿಯೊಳಗೆ ತಳ್ಳುವ ಮೊದಲು ಪ್ರತಿ ಸಲ ಏನು ಗೊಣಗುತ್ತೀರಿ ಎಂದು ಯಾರೋ ಕೇಳಿದರು. ಅವರು ನಕ್ಕು, "ಮೆಲ್ಲ ಮಾರಾಯ" ಎಂದರು! ದುಬೈಯಲ್ಲಿ ಸೋತು ಕೂತಿದ್ದಾಗ ಮೈದಾನದ ಹುಲ್ಲು ಕತ್ತರಿಸುವವರೊಬ್ಬರು ಕಲಿಸಿದ್ದಂತೆ. ಅರ್ಥ ಗೊತ್ತಿಲ್ಲವಂತೆ, ಆದರೆ ಕೈ ನಡುಗುವುದು ನಿಲ್ಲುತ್ತದಂತೆ.

ಹಿತೇಶ್ ಸೋಫಾದಿಂದ ಹಾರಿದರು. "ಏ, ಅದು ತುಳು ಅಲ್ವಾ! ನಮ್ಮ ಊರಿನವರು ಯಾರೋ ಇರ್ಬೇಕು ಮಾರಾಯ್ತಿ!"

ನೀವು ಈ ಕಥೆ ಹೇಳಿದಾಗಲೆಲ್ಲ ನಾನು "ಪಪ್ಪಾ, ಪ್ಲೀಸ್" ಎನ್ನುತ್ತಿದ್ದೆ. ಶಾಲೆಯ ಗೆಳತಿಯರ ಎದುರು ನೀವು "ಗಾಲ್ಫಿನಲ್ಲಿ ಕೆಲಸ" ಎಂದರೆ, "ಗಲ್ಫ್, ಪಪ್ಪಾ" ಎಂದು ತಿದ್ದುತ್ತಿದ್ದೆ, ಗಾಲ್ಫ್ ಮೈದಾನವೆಂದು ಗೊತ್ತಿದ್ದೂ. ನೀವು ಹೌದೆಂದು ತಲೆಯಾಡಿಸುತ್ತಿದ್ದಿರಿ. ಹಿತೇಶರ ಮನೆಯವರಿಗೂ ನೀವು ಅಲ್ಲಿ ಆಫೀಸಿನಲ್ಲಿದ್ದಿರಿ ಎಂದೇ ಹೇಳಿದ್ದೆ.

"ಎಂತ, ಅಳುವುದು ಎಂತಕ್ಕೆ?" ಎಂದರು ಹಿತೇಶ್.

ಮೆಲ್ಲ ಮಾರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡೆ. "ಆ ಹುಲ್ಲು ಕತ್ತರಿಸುವವರು ನನ್ನ ಪಪ್ಪ," ಎಂದೆ.

ಅತ್ತೆ ಅಡುಗೆಮನೆಯಿಂದ ಬಂದು ಕೈ ಒರೆಸಿಕೊಂಡರು. ನನ್ನ ಪಕ್ಕ ಕೂತು ಟಿವಿಯ ಸದ್ದು ಜಾಸ್ತಿ ಮಾಡಿದರು.

ನಿಮ್ಮ
ಅಶ್ಮಿ