ಬೆಸೆಯಬಾರದಿದ್ದ ಏಳು ತಗಡು

ಅಜ್ಜಾರಿಗೆ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಬೇಜಾರಾದರೆ ಆಗಲಿ. ನೀವು ತೀರಿಕೊಂಡ ಮೇಲೆ, ಹೋದ ತಿಂಗಳು, ಮಸ್ಕತ್ತಿನ ದೊಡ್ಡ ಸಭಾಂಗಣದಲ್ಲಿ ನಿಮ್ಮ ನೆನಪಿನ ಕಾರ್ಯಕ್ರಮ ನಡೆಯಿತು. ಪರದೆಯ ಮೇಲೆ ಏನು ತೋರಿಸಿದರು ಗೊತ್ತೇ? ಒಂಟೆ! ಸಾಲಾಗಿ ನಾಲ್ಕು ಒಂಟೆ, ಹಿಂದೆ ಮುಳುಗುವ ಸೂರ್ಯ. ‘ಮರಳುಗಾಡಿನ ಮೌನಕ್ಕೆ ಮನಸೋತ ಪೋಲೆಂಡಿನ ಮಹಾನ್ ಸಂಗೀತಕಾರ’ ಎಂದು ಕಾರ್ಯಕ್ರಮದ ಸಮಿತಿಯವರೊಬ್ಬರು ಭಾಷಣ ಬಿಗಿದರು. ಯಾವ ಮರಳು, ಯಾವ ಮೌನ? ಮೂರು ವರ್ಷ ನೀವು ಬಂದು ಕೂತದ್ದು ವಾದಿ ಅದಾಯ್‌ನ ನಮ್ಮ ವರ್ಕ್‌ಶಾಪಿನಲ್ಲಿ, ಗ್ರೈಂಡರಿನ ಕಿರುಚಾಟದ ನಡುವೆ, ಖಾಲಿ ಪೇಂಟ್ ಡಬ್ಬಿಯ ಮೇಲೆ. ಕಣ್ಣಿಗೆ ಮರಳು ಬಿದ್ದರೆ ನಿಮ್ಮ ಭಾಷೆಯಲ್ಲಿ ಬೈಯುತ್ತಿದ್ದಿರಿ.

ಮೊದಲ ದಿನ ನೆನಪಿದೆಯೇ? ನಿಮ್ಮ ಮಗಳು ಹಾನ್ನಾ ಡಾಕ್ಟರು ಕಿಟಕಿಯ ಗ್ರಿಲ್ ಮಾಡಿಸಲು ಬಂದಿದ್ದರು, ನೀವು ಜೊತೆಗೆ. ನಾನು ಅಳತೆ ಬರೆದುಕೊಳ್ಳುವಷ್ಟರಲ್ಲಿ ನೀವು ಗುಜರಿ ರಾಶಿಯಿಂದ ಒಂದು ದಪ್ಪ ತಗಡಿನ ತುಂಡು ಎತ್ತಿ, ತಂತಿಗೆ ಸಿಕ್ಕಿಸಿ, ಸ್ಪ್ಯಾನರಿನಿಂದ ಬಾರಿಸಿ, ಕಣ್ಣು ಮುಚ್ಚಿ ನಿಂತಿದ್ದಿರಿ. ನಮ್ಮ ವೆಲ್ಡರ್ ಹಮೀದ್, ಉಪ್ಪಿನಂಗಡಿಯವನು, ಬಾಯಿ ಬಿಟ್ಟುಕೊಂಡು ನೋಡಿದ. “ಬಸಣ್ಣ, ಇವರಿಗೆ ಎಂತ ಆಗಿದೆ ಮಾರಾಯ್ರೆ? ಗುಜರಿಗೆ ಕಿವಿ ಕೊಟ್ಟು ನಿಂತಿದ್ದಾರಲ್ಲ!” ನಾನು ಹತ್ತಿರ ಬಂದು, “ಅಜ್ಜಾರ, ಬ್ಯಾಡ್ರಿ, ಕೈ ಕೊಯ್ತದ” ಅಂದೆ. ಹಾನ್ನಾ ಇಂಗ್ಲಿಷಿನಲ್ಲಿ ಕೇಳಿದರು, ನಾನು ಅರ್ಥ ಹೇಳಿದೆ. ಅಷ್ಟೇ. ‘ಅಜ್ಜಾರ’ ನಿಮ್ಮ ಹೆಸರಾಯಿತು, ‘ಬ್ಯಾಡ’ ನೀವು ಕಲಿತ ಒಂದೇ ಕನ್ನಡ ಪದವಾಯಿತು. ಆಮೇಲೆ ವಾರಕ್ಕೆರಡು ಸಲ ಬಂದು ತಗಡು ಬಾರಿಸುವುದು, “ಬ್ಯಾಡ!” ಎಂದು ಎಸೆಯುವುದು. ಬರೆಯುತ್ತಿದ್ದ ಹೊಸ ಕೃತಿಗೆ ದನಿ ಹೊಂದುವ ಏಳು ತಗಡು ಬೇಕಿತ್ತು ನಿಮಗೆ. ನೂರಾರು ಬ್ಯಾಡ ಕೇಳಿದ್ದೇನೆ. ಬೇಕಾದದ್ದು ಸಿಕ್ಕಿದಾಗ ಮಾತ್ರ ನೀವು ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಚಹಾ ಕೇಳುತ್ತಿದ್ದಿರಿ.

ಒಂದು ಸಲ ತಡೆಯಲಾಗದೆ ಕೇಳಿಯೇಬಿಟ್ಟೆ, ಪಿಯಾನೋ ಇರುವಾಗ ಈ ತಗಡು ಯಾಕೆ ಅಂತ. ನಿಮ್ಮ ಮುರುಕು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದಿರಿ. ನೀವು ಚಿಕ್ಕವರಿದ್ದಾಗ ಯುದ್ಧಕ್ಕೆಂದು ನಿಮ್ಮೂರ ಚರ್ಚಿನ ಗಂಟೆ ಇಳಿಸಿ ಒಯ್ದರಂತೆ, ಕರಗಿಸಿ ಗುಂಡು ಮಾಡಲು. ಊರವರು ಅದೇ ಜಾಗದಲ್ಲಿ ರೈಲು ಹಳಿಯ ತುಂಡೊಂದನ್ನು ನೇತುಹಾಕಿ ಬಾರಿಸಿದರಂತೆ. ನೀವು ಕೇಳಿದ ಮೊದಲ ಸಂಗೀತ ಅದು. ನಾನು ಎದ್ದು ನಿಂತೆ. “ಅಜ್ಜಾರ, ನಮ್ಮ ಗದಗಿನ ಸಾಲ್ಯಾಗೂ ಹಳಿ ತುಂಡೇ ಗಂಟಿ!” ಅದನ್ನೇ ಇಂಗ್ಲಿಷಿನಲ್ಲಿ ಮತ್ತೆ ಹೇಳಿದೆ, ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಕ್ಕೆವು. ಆ ದಿನದಿಂದ ನಿಮ್ಮ ಏಳು ತಗಡಿನ ಸಂಗೀತ ನನ್ನದೂ ಆಯಿತು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡವನು ಏನು ಮಾಡಿದೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸಮಿತಿಯವರ ಪಾಲಿನ ತಪ್ಪು ಹೇಳಿ ಮುಗಿಸುತ್ತೇನೆ. ನಿಮ್ಮ ಆ ವಾಲ್ಟ್ಜ್ ಕುಣಿತದ ಮಟ್ಟು, ಮಕ್ಕಳ ರೇಡಿಯೋಕ್ಕೆ ಬರೆದದ್ದು, ‘ನನ್ನ ಹಲ್ಲುನೋವು’ ಎನ್ನುತ್ತಿದ್ದಿರಲ್ಲ, ಅದನ್ನು ಎರಡು ಸಲ ನುಡಿಸಿದರು. ಜನ ತಲೆದೂಗಿದರು. ನಿಮ್ಮ ದೇಶದಲ್ಲಿ ಜನ ಗೇಲಿಯ ಸಿಳ್ಳೆ ಹಾಕಿ ನಿಲ್ಲಿಸಿದ್ದ ದೊಡ್ಡ ಕೃತಿಗಳ ಬಗ್ಗೆ, ಆಮೇಲೆ ಅದೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದರ ಬಗ್ಗೆ ಒಂದು ಮಾತಿಲ್ಲ. ತಗಡು ಹೊತ್ತು ತಂದ ಹಮೀದನನ್ನೂ ನಮ್ಮ ವರ್ಕ್‌ಶಾಪಿನ ಉಳಿದ ಮೂವರನ್ನೂ ಹಿಂಬಾಗಿಲಿನಿಂದ ಒಳಗೆ ಬಿಟ್ಟು, ಇಳಿಸಿದ ಮೇಲೆ “ಖಲಾಸ್, ಯಲ್ಲಾ”, ಮುಗಿಯಿತು ನಡೆಯಿರಿ, ಎಂದು ಹೊರಗೆ ಕಳಿಸಿದರು. ನನಗೊಬ್ಬನಿಗೆ ಪಾಸ್ ಇತ್ತು. ನಾನು ಹೋಗಿ ಕೂತೆ ನೋಡಿ, ಅದೂ ನಾಚಿಕೆಗೇಡು.

ಅಜ್ಜಾರೆ, ಇನ್ನು ನನ್ನದು. ಕಾರ್ಯಕ್ರಮಕ್ಕೆ ವಾರವಿರುವಾಗ ಸಮಿತಿಯ ಮನುಷ್ಯ ಫೋನ್ ಮಾಡಿದ್ದ. ವೇದಿಕೆಯ ಮೇಲೆ ತಂತಿ ಕಾಣಬಾರದು, ತಗಡು ಅಲ್ಲಾಡಬಾರದು, ಚೂಪು ಮೂಲೆ ಯಾರಿಗೂ ತಾಗಬಾರದು, ಒಂದು ಒಳ್ಳೆಯ ಸ್ಟ್ಯಾಂಡ್ ಮಾಡಿಕೊಡಿ ಎಂದ. ನೀವು ತಂತಿಯಲ್ಲಿ ನೇತುಹಾಕಿದ್ದು ನನ್ನ ಕಣ್ಣಿಗೆ ಯಾವಾಗಲೂ ಚುಚ್ಚುತ್ತಿತ್ತು. ಇಪ್ಪತ್ತು ವರ್ಷದಿಂದ ಫೋರ್‌ಮನ್ ನಾನು, ನನ್ನ ಕೆಲಸ ಒಂದು ಸಲವಾದರೂ ಅಷ್ಟು ದೊಡ್ಡ ದೀಪಗಳ ಕೆಳಗೆ ಕಾಣಲಿ ಎಂಬ ಆಸೆ. ಮೂಲೆಗಳನ್ನು ಗ್ರೈಂಡರಿನಿಂದ ದುಂಡಗೆ ಮಾಡಿದೆ. ಚೌಕಟ್ಟು ಕಟ್ಟಿ, ಏಳನ್ನೂ ನನ್ನ ಕೈಯಾರೆ ವೆಲ್ಡ್ ಮಾಡಿದೆ. ಎಂಥ ವೆಲ್ಡ್ ಅಂತೀರಿ, ಬೆರಳು ಎಳೆದರೆ ಗೊತ್ತಾಗದು! ಹಮೀದ್ ಒಂದೇ ಮಾತು ಹೇಳಿದ: “ಬಸಣ್ಣ, ಅಜ್ಜರು ಇದ್ದಿದ್ದರೆ ಒಪ್ಪುತ್ತಿದ್ದರಾ?” ಸುಮ್ಮನಿರು ಎಂದು ಗದರಿಸಿದೆ. ಆಮೇಲೆ ಒಂದನ್ನು ಬಾರಿಸಿ ನೋಡಿದೆ. ದಪ್ ಅಂದಿತು, ಅಷ್ಟೇ. ಹಳಿಯನ್ನು ಕೈಯಲ್ಲಿ ಹಿಡಿದರೆ ಗಂಟೆ ಸಾಯುತ್ತದೆ ಎಂದು ಶಾಲೆಯ ಹುಡುಗರಿಗೂ ಗೊತ್ತು, ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಲಾರಿಗೆ ಹೇರಿಸಿದೆ.

ಸಭಾಂಗಣದಲ್ಲಿ ವಾದಕರು ಬಾರಿಸಿದಾಗ ಏಳೂ ದಪ್ ದಪ್ ಎಂದವು. ನೀವು ಒಂದು ಸಲವೂ ಪೂರ್ತಿ ಕೇಳದೆ ಹೋದ ಕೃತಿ, ಅದರ ಮೊದಲ ದಿನವೇ ಹೀಗೆ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. “ಸ್ಟ್ಯಾಂಡ್ ಬಹಳ ಚೆನ್ನಾಗಿದೆ” ಎಂದು ಸಮಿತಿಯವನು ನನ್ನ ಕೈ ಕುಲುಕಿದ. ಮೈ ಉರಿದುಹೋಯಿತು. ಅವನ ಮೇಲೋ, ನನ್ನ ಮೇಲೋ… ಹೊರಗೆ ಹಾನ್ನಾ ನೀವು ಆ ಕೃತಿ ಬರೆದ ಹಾಳೆ ತೋರಿಸಿದರು. ತಗಡಿನ ವಿವರವಿರಬೇಕಾದ ಕಡೆ ನೀವು ಬರೆದದ್ದು ಮೂರೇ ಪದ: ‘ಬಸುವನ್ನು ಕೇಳಿ ನೋಡಿ’. ಯಾರೂ ಕೇಳಲಿಲ್ಲ, ಸರಿ. ಆದರೆ ನಿಮಗೂ ಬುದ್ಧಿ ಬೇಡವೇ ಅಜ್ಜಾರೆ? ನನ್ನಂಥವನನ್ನು ನಂಬಿ ಹೀಗೆ ಬರೆದಿಟ್ಟು ಹೋಗುತ್ತಾರೆಯೇ? ಹಾನ್ನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಚೌಕಟ್ಟು ಕತ್ತರಿಸಿ ತಗಡು ಬಿಡಿಸಿದೆ. ಮತ್ತೆ ನೇತುಹಾಕಿದರೂ ಆ ದನಿ ಬರಲಿಲ್ಲ, ಕೊಯ್ದ ಮೂಲೆ ತಿರುಗಿ ಬೆಳೆಯುತ್ತದೆಯೇ? ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ನಾನು, ಹಮೀದ್ ಗುಜರಿ ರಾಶಿಯ ಮುಂದೆ. ರುಸೈಲ್‌ನ ಕಾರ್ಖಾನೆಗಳ ಗುಜರಿಯನ್ನೂ ಜಾಲಾಡಿದೆವು. ಪುಣ್ಯಕ್ಕೆ ನೀವು ಆರಿಸಿದ ಆರು ತಗಡಿನ ದನಿ ಹಮೀದನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಅವನು ಬಾರಿಸುವುದು, ನಾನು “ಬ್ಯಾಡ!” ಎನ್ನುವುದು. “ಥೇಟ್ ಅಜ್ಜರೇ ಮಾರಾಯ್ರೆ, ಎಂತ ಜೋರು!” ಎಂದು ನಗುತ್ತಾನೆ. ಆರು ಸಿಕ್ಕಿದವು.

ಏಳನೆಯದರ ದನಿ ಯಾರ ಬಳಿಯೂ ಇಲ್ಲ, ನನ್ನ ಕಿವಿಯಲ್ಲಿ ಬಿಟ್ಟರೆ. ನಿನ್ನೆ ಒಂದು ತುಂಡು ಸಿಕ್ಕಿತು. ಹಮೀದ್ ಬಾರಿಸಿದ. ನಾನು ಬಾಯಿ ತೆರೆದೆ, ‘ಬ್ಯಾಡ’ ಹೊರಡಲಿಲ್ಲ. ಪೇಂಟ್ ಡಬ್ಬಿಯ ಕಡೆ ನೋಡಿದೆ. ಅಲ್ಲಿ ನೀವಿಲ್ಲ, ಬ್ಯಾಡ ಎನ್ನುವವರಿಲ್ಲ. ಹಮೀದ್ ತಾನಾಗಿಯೇ ಚಹಾ ತರಲು ಹೋದ.

ಬರುವ ಶುಕ್ರವಾರ ವರ್ಕ್‌ಶಾಪಿನಲ್ಲೇ ನಿಮ್ಮ ಕೃತಿ. ಹಾನ್ನಾ ಹಾಳೆ ಹಿಡಿದು ಸನ್ನೆ ಮಾಡುತ್ತಾರೆ, ಬಾರಿಸುವವರು ನಾವು ಐದು ಜನ, ಸಮಿತಿಯವರಿಗೆ ಕರೆ ಇಲ್ಲ. ಏಳೂ ತಂತಿಯಲ್ಲೇ ತೂಗುತ್ತಿವೆ ಅಜ್ಜಾರೆ, ಮೂಲೆ ಚೂಪಾಗಿಯೇ ಇವೆ. ಹೊಂದಿಸುವಾಗ ನನ್ನ ಕೈ ಕೊಯ್ದಿದೆ.

ನಿಮ್ಮ ಬಸು