ಕೆಳಮುಖವಾಗಿ ಹಾಸಿದ ಮೀನು

ಮೊಂಡಿಗೆ,

ನಿನ್ನನ್ನು ಹೀಗೆ ಕರೆದು ಹದಿನೇಳು ವರ್ಷವಾಯಿತು. ಕ್ಷೇಮವೇ ಎಂದು ಕೇಳುವುದಿಲ್ಲ, ಕೇಳಿದರೂ ನೀನು ಬರೆಯುವವಳಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ವಾರ ಮೊಮ್ಮಗಳು ಹಟ ಹಿಡಿದು ನನ್ನನ್ನು ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಕರೆದೊಯ್ದಳು. ಬಾಗಿಲಲ್ಲೇ ಹುಲ್ಲು ತುಂಬಿದ ಕರಡಿ. ಮೊಣಕಾಲಿನ ಕೂದಲು ಉದುರಿ ಹೊಲಿಗೆ ಕಾಣುತ್ತಿತ್ತು. ಸತ್ತಮೇಲೂ ಬಾಯಿ ಮುಚ್ಚದ ಮೊಸಳೆಯನ್ನು ನೋಡಿ ನಮ್ಮ ಸೋದರತ್ತೆಯ ನೆನಪಾಯಿತು. ಪಕ್ಕದಲ್ಲಿ ನೀನಿದ್ದಿದ್ದರೆ ಕಿಸಕ್ಕನೆ ನಗುತ್ತಿದ್ದೆ. ಸೂಜಿ ಚುಚ್ಚಿದ ಚಿಟ್ಟೆಗಳನ್ನು ದಾಟಿ ಕಲ್ಲುಗಳ ಕೋಣೆಗೆ ಹೋದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ದೀಪದ ಕೆಳಗೆ, ಕಲ್ಲಿನಲ್ಲಿ ಅಚ್ಚಾಗಿದ್ದ ನಿನ್ನ ಮೀನು.

"ಅಜ್ಜಿ, ಇಲ್ನೋಡಿ! ಚಿಕ್ಕ ತಾತನ ಹೆಸರು!" ಎಂದು ಹುಡುಗಿ ಕುಣಿದಳು. ಶಾಲಾ ಬಾಲಕನಾಗಿದ್ದಾಗಲೇ ಕಂಡುಹಿಡಿದರು ಎಂದು ಫಲಕದಲ್ಲಿ ನಮ್ಮ ತಮ್ಮನ ಹೊಗಳಿಕೆ. ಕೆಳಗೆ ಸಣ್ಣ ಅಕ್ಷರದಲ್ಲಿ, "ಇದರ ಜೋಡಿ ಹೋಳು ದೊರೆತಿಲ್ಲ."

ಆ ಸಾಲನ್ನು ಮತ್ತೊಮ್ಮೆ ಓದಿದೆ. ಬೆಂಚಿನ ಮೇಲೆ ಕುಳಿತುಬಿಟ್ಟೆ.

ಕಲ್ಲುಕ್ವಾರಿಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಊಟದ ಡಬ್ಬಿ ಒಯ್ಯುತ್ತಿದ್ದವಳು ನೀನು. ಒಂದು ದಿನ ನೀನು, ಅಪ್ಪ ಬೇಡವೆಂದು ಬದಿಗಿಟ್ಟ ಚಪ್ಪಡಿಯ ಅಂಚಿಗೆ ಉಳಿ ಇಟ್ಟು ಒಂದೇ ಏಟಿಗೆ ಸೀಳಿದೆ. ಕಲ್ಲು ಪುಸ್ತಕದ ಹಾಗೆ ತೆರೆದುಕೊಂಡಿತಂತೆ, ಎರಡು ಪುಟದಲ್ಲೂ ಅದೇ ಮೀನು. ಸುದ್ದಿ ತಿಳಿದು ವಿಶ್ವವಿದ್ಯಾಲಯದ ಮೇಷ್ಟರು ಮನೆಗೆ ಬಂದರು. "ಯಾರಮ್ಮ ಇದನ್ನ ಕಂಡಿದ್ದು?" ಎಂದಾಗ, ನೀನು ಬಾಯಿ ತೆರೆಯುವ ಮೊದಲೇ "ನಮ್ಮ ತಮ್ಮ" ಎಂದೆ ನಾನು. ಅಮ್ಮನಿಲ್ಲದ ಮನೆಗೆ ನಾನೇ ಯಜಮಾನಿ. ವಯಸ್ಸಿಗೆ ಬಂದ ಹುಡುಗಿ ಗಂಡಸರ ಮಧ್ಯೆ ಉಳಿ ಹಿಡಿಯುತ್ತಾಳೆ ಎಂದು ಜನ ಆಡಿಕೊಂಡಾರು ಎಂಬ ಭಯ. ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದೆ.

ಮೇಷ್ಟರು ಅವನನ್ನು ದೊಡ್ಡ ಶಾಲೆಗೆ ಸೇರಿಸಿದರು. ನಾನು ನಿನ್ನ ಕೈಗೆ ಸೌಟು ಕೊಟ್ಟೆ. "ಅಕ್ಕ, ಇನ್ನೊಂದು ಹೋಳಾದ್ರೂ ನನ್ನ ಹತ್ರ ಇರ್ಲಿ" ಎಂದು ನೀನು ಬೇಡಿಕೊಂಡೆ. ನಾನು ಅದನ್ನೂ ಕಿತ್ತುಕೊಂಡು, ಕೆರೆಗೆ ಎಸೆದೆ ಎಂದು ಹೇಳಿದೆ.

ಎಸೆದಿರಲಿಲ್ಲ. ಮದುವೆಯಾಗಿ ಬರುವಾಗ ಟ್ರಂಕಿನ ತಳದಲ್ಲಿ ತಂದೆ. ಬಿಸಾಡಲು ಕೈ ಬರಲಿಲ್ಲ, ತೋರಿಸಲು ಮನಸ್ಸು ಬರಲಿಲ್ಲ. ಬಚ್ಚಲಿನಲ್ಲಿ ಮೀನನ್ನು ಕೆಳಮುಖ ಮಾಡಿ ಆ ಕಲ್ಲನ್ನು ಹಾಸಿದೆ. ನಲವತ್ತೆಂಟು ವರ್ಷ ಅದರ ಮೇಲೆ ನಿಂತು ಕಾಲು ತೊಳೆದಿದ್ದೇನೆ.

ಹದಿನೇಳು ವರ್ಷದ ಹಿಂದೆ ತಮ್ಮನ ಸನ್ಮಾನದ ದಿನ "ಉಳಿ ನನ್ನ ಕೈಯಲ್ಲಿ ತಾನಾಗೇ ನಡೀತು" ಎಂದು ಭಾಷಣ ಮಾಡಿದನಲ್ಲ, ಆಗಲೇ ತಾನೇ ನೀನು ಎದ್ದು ಹೋಗಿದ್ದು? ನಾನು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ.

ನಿನ್ನೆ ಗಾರೆಯವನನ್ನು ಕರೆಸಿ ಕಲ್ಲು ಎಬ್ಬಿಸಿದೆ. ಒಂದು ಮುಳ್ಳೂ ಮುಕ್ಕಾಗಿಲ್ಲ. ತಮ್ಮನಿಗೆ ಫೋನ್ ಮಾಡಿದೆ. "ಈ ವಯಸ್ಸಲ್ಲಿ ಇದೆಲ್ಲ ಯಾಕಕ್ಕ? ಅವಳಿಗೂ ಮರ್ತೋಗಿರುತ್ತೆ" ಎಂದ.

"ಮರ್ತಿದ್ರೆ ನನ್ನ ಜತೆ ಮಾತು ಬಿಡ್ತಿರ್ಲಿಲ್ಲ ಕಣೋ" ಎಂದು ಫೋನ್ ಇಟ್ಟೆ.

ಈ ಕಾಗದದ ಜೊತೆ ಕಲ್ಲನ್ನು ಮೊಮ್ಮಗಳ ಕೈಯಲ್ಲಿ ಕಳಿಸಿದ್ದೇನೆ. ಸುಳ್ಳು ಹೇಳಿದ್ದು ನಾನು, ಮೀನು ನಿನ್ನದು ಎಂದು ಬರೆದು ರುಜು ಹಾಕಿದ ಇನ್ನೊಂದು ಹಾಳೆಯೂ ಇದೆ. ಎರಡನ್ನೂ ಮ್ಯೂಸಿಯಂಗೆ ಒಯ್ದು ಕೊಡುವುದೋ, ನಿನ್ನಲ್ಲೇ ಇಟ್ಟುಕೊಳ್ಳುವುದೋ, ನೀನೇ ತೀರ್ಮಾನಿಸು. ನಿನ್ನ ಪರವಾಗಿ ನಾನು ಮಾತಾಡಿದ್ದು ಸಾಕು. ಕ್ಷಮಿಸು ಎಂದು ಎರಡು ಸಲ ಬರೆದು ಹೊಡೆದು ಹಾಕಿದೆ. ಅದನ್ನು ಕೇಳುವ ಮುಖ ನನಗಿಲ್ಲ, ಕೇಳಿ ಅಭ್ಯಾಸವೂ ಇಲ್ಲ.

ಬಚ್ಚಲಿನಲ್ಲಿ ಈಗ ಮಣೆಯಗಲದ ಗುಂಡಿ ಬಿದ್ದಿದೆ. ಮುಚ್ಚಲೇ ಎಂದು ಗಾರೆಯವನು ಕೇಳಿದ. ಬೇಡ ಎಂದೆ. ದಿನಾ ಅದನ್ನು ದಾಟಿಕೊಂಡೇ ಕಾಲು ತೊಳೆಯುತ್ತೇನೆ.

ಉಳಿ ಹಿಡಿದ ಆ ಕೈ ತಣ್ಣಗಿರಲಿ.

ನೀನು ಕರೆದರೂ ಕರೆಯದಿದ್ದರೂ,
ನಿನ್ನ ಅಕ್ಕ